ದತ್ತಕ ಮತ್ತು ದತ್ತಗ

ಹೋದ ಚಳಿಗಾಲದ ಒಂದು ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ನನ್ನ ಹತ್ತು ವರ್ಷದ ಮಗಳು ಟಿವಿಯಲ್ಲಿ ಒಂದು ನಗೆ ಸಿನಿಮಾ ಹಚ್ಚಿದಳು. ಯಾವುದೋ ಬೇರೆ ಭಾಷೆಯದು, ಕನ್ನಡಕ್ಕೆ ಡಬ್ ಮಾಡಿದ್ದು. ಗುಡ್ಡಗಾಡಿನ ಊರಿನ ಜನ ಬೆಂಗಳೂರಿನ ಕನ್ನಡ ಮಾತಾಡುತ್ತಿದ್ದರು. ತುಟಿ ಒಂದು ಕಡೆ, ಮಾತು ಒಂದು ಕಡೆ. ಮನೆಯಲ್ಲಿ ನಾವು ನಾಲ್ವರು. ನಾನು, ಹೆಂಡತಿ, ಮಗಳು, ಮತ್ತು ನನ್ನ ತಂಗಿ. ತಂಗಿಗೆ ಮದುವೆಯಾಗಿಲ್ಲ, ನಮ್ಮ ಜೊತೆಗೇ ಇರುತ್ತಾಳೆ, ಹೊಲಿಗೆ ಮಾಡುತ್ತಾಳೆ. ಅಂದೂ ಯಾರದೋ ಶಾಲೆಯ ಲಂಗವನ್ನು ತೊಡೆಯ ಮೇಲೆ ಹರಡಿಕೊಂಡು ಅಂಚು ಹೊಲಿಯುತ್ತಿದ್ದಳು.

ಸಿನಿಮಾದ ಕಥೆ ಇಷ್ಟು. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಬಸಿರಾಗುತ್ತಾಳೆ. ಅವಳಪ್ಪ ಮದುವೆ ಬ್ಯಾಂಡಿನಲ್ಲಿ ದೊಡ್ಡ ಪೀಪಿ ಊದುವವನು. ಹುಡುಗಿ ಸುದ್ದಿ ಹೇಳುವ ಹೊತ್ತಿಗೆ ಅವನು ಪೀಪಿಯನ್ನು ಬಾಯಿಗಿಟ್ಟುಕೊಂಡಿದ್ದ. ಅದರಿಂದ ಎಮ್ಮೆ ಸೀನಿದಂಥ ಒಂದು ಸ್ವರ ಹೊರಟಿತು. ನನ್ನ ಮಗಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಆ ಅಪ್ಪ ಪೀಪಿ ಕೆಳಗಿಟ್ಟು "ಊಟ ಮಾಡಿದೆಯಾ?" ಅಂತ ಕೇಳಿದ. ಅಷ್ಟೇ ಕೇಳಿದ್ದು. ಮುಂದೆ ಹುಡುಗಿಯೇ ಕೂಸನ್ನು ದತ್ತು ಕೊಡಬೇಕೆಂದು ತೀರ್ಮಾನ ಮಾಡಿ, ಮಕ್ಕಳಿಲ್ಲದ ಗಂಡಹೆಂಡಿರನ್ನು ಒಂದೊಂದೇ ಜೋಡಿಯಾಗಿ ಮನೆಗೆ ಕರೆಸುತ್ತಾಳೆ. ನಮ್ಮಲ್ಲಿ ಕನ್ಯೆ ನೋಡಲು ಬಂದವರು ಕೇಳುವುದನ್ನೆಲ್ಲ ಅವಳು ಅವರಿಗೆ ಕೇಳುತ್ತಾಳೆ. ಸೂಟು ಹಾಕಿಕೊಂಡು ಬಂದ ದಪ್ಪ ಮನುಷ್ಯನೊಬ್ಬನಿಗೆ "ಜೋಗುಳ ಹಾಡಿ ನೋಡೋಣ" ಅಂದಾಗ ಅವನು ಹಾಡಿದ್ದು ಕೇಳಿ ನನ್ನ ತಂಗಿಯೂ ಬಾಯಿಗೆ ಸೆರಗು ಹಿಡಿದು ನಕ್ಕಳು.

ನನ್ನ ಹೆಂಡತಿ ಗಾಬರಿಯಾಗಿ ರಿಮೋಟ್ ಹುಡುಕುತ್ತಿದ್ದಳು. ಅವಳಿಗೆ ನಮ್ಮ ಮನೆಯ ಹಳೆಯ ಸಂಗತಿ ಅರ್ಧ ಗೊತ್ತು. ತಂಗಿ ತಲೆ ಎತ್ತದೆಯೇ, "ಇರ್ಲಿ ಬಿಡ್ರಿ ವೈನಿ, ಛಲೋ ಅದ" ಅಂದಳು.

ನಾನು ಮಾತ್ರ ನಗಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಗಿತ್ತು ನನ್ನ ಗತಿ. ಆ ಸಿನಿಮಾ ತೆಗೆದವನ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು. ಅದರಲ್ಲಿ ಹುಡುಗಿಗೆ ಒಬ್ಬ ಅಣ್ಣನೂ ಇದ್ದ. ತಂಗಿಯ ಬಯಕೆಗೆ ಹುಣಸೆಕಾಯಿ ತರಲು ಸೈಕಲ್ ಮೇಲೆ ಹೋಗಿ ಕೆಸರಿನಲ್ಲಿ ಬೀಳುತ್ತಾನೆ. ನಮ್ಮ ಮನೆಯಲ್ಲೂ ಒಬ್ಬ ಅಣ್ಣ ಇದ್ದ. ಅವನು ಏನು ಮಾಡಿದ ಅನ್ನುವುದನ್ನು ಬರೆಯುತ್ತೇನೆ.

ಹದಿಮೂರು ವರ್ಷದ ಹಿಂದೆ ನನಗೆ ಇಪ್ಪತ್ಮೂರು, ತಂಗಿಗೆ ಹದಿನೇಳು. ಶಹಾಬಾದಿನ ಪಕ್ಕದ ನಮ್ಮೂರು ಭಂಕೂರಿನಲ್ಲಿ ಅಪ್ಪ ಕಲ್ಲಿನ ಗಣಿಯಲ್ಲಿ ಮೇಸ್ತ್ರಿ, ನಾನು ಅವನ ಕೈಕೆಳಗೆ ಪರ್ಸಿ ಎಬ್ಬಿಸುತ್ತಿದ್ದೆ. ಪರ್ಸಿ ಅಂದರೆ ನೆಲಕ್ಕೆ ಹಾಸುವ ನಮ್ಮ ಕಡೆಯ ಕಲ್ಲು. ಅದು ಪದರು ಪದರಾಗಿರುತ್ತದೆ. ಅಂಚಿಗೆ ಚಾಣ ಇಟ್ಟು ಮೆಲ್ಲಗೆ ಬಡಿಯುತ್ತ ಹೋದರೆ ಇಡೀ ಹಲಗೆ ಎದ್ದು ಬರುತ್ತದೆ, ಸಿಟ್ಟಿನಿಂದ ಬಡಿದರೆ ಒಡೆದು ಚೂರಾಗುತ್ತದೆ. ಕಲ್ಲಿನ ಮೇಲೆ ಸಿಟ್ಟು ಮಾಡಬಾರದು ಅಂತ ಅಪ್ಪ ನನಗೆ ಕಲಿಸಿದ್ದ. ಮನುಷ್ಯರ ವಿಷಯ ಕಲಿಸಲಿಲ್ಲ, ಅವನಿಗೂ ಯಾರೂ ಕಲಿಸಿರಲಿಲ್ಲ. ನಮ್ಮದು ಲಿಂಗ ಕಟ್ಟಿದ ಮನೆ. ಅಪ್ಪ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತರೆ ಸಾಕ್ಷಾತ್ ಶರಣ. ಸಂಜೆ ಪಲ್ಯಕ್ಕೆ ಉಪ್ಪು ಹೆಚ್ಚಾದರೆ ಅದೇ ಅಂಗೈ ಅವ್ವನ ಕೆನ್ನೆಗೆ.

ತಂಗಿ ಚಿತ್ತಾಪುರದಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದಳು. ಶಹಾಬಾದಿನಲ್ಲಿ ರೈಲು ಹತ್ತಿ ವಾಡಿಯಲ್ಲಿ ಇಳಿದು, ಅಲ್ಲಿಂದ ಇನ್ನೊಂದು ರೈಲು. ವಾಡಿಯಲ್ಲಿ ಕಾಯುವ ಹೊತ್ತು ಬಹಳ. ಅವಳದೇ ಕ್ಲಾಸಿನ ಹುಡುಗನೊಬ್ಬನೂ ಅಲ್ಲೇ ಕಾಯುತ್ತಿದ್ದ. ಮುಟ್ಟು ನಿಂತದ್ದು ಅವ್ವನ ಗಮನಕ್ಕೆ ಬರುವ ಹೊತ್ತಿಗೆ ಐದು ತಿಂಗಳು ದಾಟಿತ್ತು.

ಅವ್ವ ಅಪ್ಪನಿಗೆ ಹೇಳಿದ್ದು ಒಂದು ಸಂಜೆ, ನಾವಿಬ್ಬರೂ ಗಣಿಯಿಂದ ಬಂದು ಕೈಕಾಲು ತೊಳೆಯುವಾಗ. ಅಪ್ಪ ಒಳಗೆ ಹೋಗಿ ಬಾಗಿಲು ಹಾಕಿ, ಸೊಂಟದ ಬೆಲ್ಟು ಬಿಚ್ಚಿ, ಬಕ್ಕಲ್ ಇದ್ದ ತುದಿಯಿಂದ ಹೊಡೆದ. ತಂಗಿ ಧಾನ್ಯದ ಚೀಲಗಳ ಸಂದಿಯಲ್ಲಿ ತೂರಿಕೊಂಡಳು. ಅವಳನ್ನು ಜಡೆ ಹಿಡಿದು ಹೊರಗೆಳೆದವನು ನಾನು. ಅಪ್ಪನ ಕೈ ಸೋತ ಮೇಲೆ ನನ್ನ ಪಾಳಿ. ದಿನಾ ಎಂಟು ತಾಸು ಸುತ್ತಿಗೆ ಹಿಡಿದ ಕೈಯಿಂದ ಹದಿನೇಳು ವರ್ಷದ ಹುಡುಗಿಯ ಮುಖಕ್ಕೆ ಹೊಡೆದರೆ ಏನಾಗುತ್ತದೆ ಅಂತ ನಾನು ಕಂಡಿದ್ದೇನೆ. ಅವಳ ಎಡಗಿವಿಯಿಂದ ರಕ್ತ ಬಂತು, ಆ ಕಿವಿ ಇಂದಿಗೂ ಮಂದ. "ಯಾರಂವ? ಹೇಳು" ಅನ್ನುತ್ತ ಹೊಡೆದೆ. ಹೆಸರು ಹೇಳಿದ ಮೇಲೂ ಹೊಡೆದೆ. ಕೊನೆಗೆ ಅವಳು ಗೋಡೆಗೆ ಒರಗಿ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡಳು. ಅದನ್ನು ಕಂಡು ನನ್ನ ತಲೆ ಪೂರ್ತಿ ಕೆಟ್ಟಿತು. ಮುಖ ಬಿಟ್ಟು ಹೊಟ್ಟೆ ಮುಚ್ಚಿಕೊಳ್ಳುತ್ತಾಳಲ್ಲ ಅಂತ, ಅಲ್ಲಿಗೇ ಒದೆಯಲು ಕಾಲೆತ್ತಿದೆ. ಅವ್ವ ನಡುವೆ ಬಿದ್ದಳು. ನನ್ನ ಒದೆ ಅವ್ವನ ಪಕ್ಕೆಗೆ ಬಿತ್ತು, ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಬಚ್ಚಲಿನ ಪರ್ಸಿ ಮೇಲೆ ಜಾರಿ ಬಿದ್ದಳು ಅಂತ ಡಾಕ್ಟರಿಗೆ ಹೇಳಿದೆವು.

ಮರುದಿನ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ವಾಡಿಗೆ ಹೋದೆ. ಆ ಹುಡುಗನನ್ನು ಗೂಡ್ಸ್ ರೈಲು ನಿಲ್ಲುವ ಕಡೆ ಎಳೆದೊಯ್ದು ಹೊಡೆದೆವು. ಅವನು ತಿರುಗಿ ಒಂದೇಟೂ ಹೊಡೆಯಲಿಲ್ಲ. "ಅಕಿಗಿ ಏನ್ ಮಾಡಬ್ಯಾಡ್ರಿ ಅಣ್ಣಾ" ಅಂತ ಮಾತ್ರ ಅನ್ನುತ್ತಿದ್ದ. ಆ 'ಅಣ್ಣಾ' ಕೇಳಿ ಇನ್ನಷ್ಟು ಹೊಡೆದೆ. ಮುಂದಿನ ಎರಡು ಹಲ್ಲು ಹೋದವು, ಮುಂಗೈ ಮುರಿಯಿತು. ಅವನ ಮನೆಯವರು ದೂರು ಕೊಡಲಿಲ್ಲ. ಹೈದರಾಬಾದಿನ ನೆಂಟರ ಕಡೆ ಕಳಿಸಿಬಿಟ್ಟರು. ಹದಿನೇಳರ ಹುಡುಗಿಯ ವಿಷಯ ಪೊಲೀಸರಿಗೆ ತಿಳಿಸಬೇಕು, ಕೂಸನ್ನು ಕೊಡುವುದಕ್ಕೂ ಸರ್ಕಾರದ ದಾರಿ ಇದೆ ಅನ್ನುವುದೆಲ್ಲ ನನಗೆ ಈಗ ಗೊತ್ತು. ಆಗ ಗೊತ್ತಿದ್ದರೂ ನಾವು ಆ ದಾರಿ ಹಿಡಿಯುತ್ತಿರಲಿಲ್ಲ. ಮನೆಯ ಮಾತು ಹೊಸ್ತಿಲು ದಾಟಬಾರದು ಅನ್ನುವುದೊಂದೇ ನಮಗೆ ಗೊತ್ತಿದ್ದ ಕಾಯ್ದೆ.

ಆದರೆ ತಂಗಿಯ ಚೀರಾಟ ಹೊಸ್ತಿಲು ದಾಟಿತ್ತು. ಓಣಿಯಲ್ಲಿ ಕೇಳದವರಿರಲಿಲ್ಲ. ಮೂರನೇ ದಿನ ಅವ್ವನ ತಂಗಿಯ ಗಂಡ ಬಂದ. ಅವನು ಚಿಂಚೋಳಿ ಕಡೆಯವನು, ಚಂದ್ರಂಪಳ್ಳಿ ಕೆರೆಯ ಹತ್ತಿರದ ಹಳ್ಳಿ. ನಡುಮನೆಯಲ್ಲಿ ಕೂತು ಅಪ್ಪನಿಗೆ ಮೆಲ್ಲಗೆ ಹೇಳಿದ: "ಈಗ ಹೊಡದು ಬಡದು ಏನೂ ಉಪಯೋಗಿಲ್ರಿ. ಹುಡುಗೀಗಿ ನಮ್ಮ ಊರಿಗಿ ಕಳಸ್ರಿ. ಹಡದ ಕೂಡ್ಲೇ ದತ್ತಕ ಕೊಟ್ಟುಬಿಡಮಿ. ಚಿಂಚೋಳ್ಯಾಗ ಮಾಸ್ತರ್ ಒಬ್ಬರು ಅದಾರ, ಮಕ್ಕಳಿಲ್ಲ, ಭಾಳ ಛಲೋ ಮಂದಿ."

ಮೂಲೆಯಲ್ಲಿ ನಮ್ಮ ಅಜ್ಜಿ, ಅಪ್ಪನ ತಾಯಿ, ತೊಗರಿ ಆರಿಸುತ್ತ ಕೂತಿತ್ತು. ಅದಕ್ಕೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಬಸಿರಿನ ಸುದ್ದಿಯನ್ನು ಯಾರೂ ಅದಕ್ಕೆ ಹೇಳಿರಲೂ ಇಲ್ಲ. ಮೊಮ್ಮಗಳ ಚೀರಾಟಕ್ಕೆ ಅದು ತನ್ನದೇ ಕಾರಣ ಕಂಡುಕೊಂಡಿತ್ತು: ಹುಡುಗಿಗೆ ಗಾಳಿ ಸೋಂಕಿದೆ, ಗಂಡಸರು ಅದನ್ನು ಬಿಡಿಸುತ್ತಿದ್ದಾರೆ. ಅಜ್ಜಿಯ ತವರಿನವರು ದತ್ತಾತ್ರೇಯನಿಗೆ ನಡೆದುಕೊಳ್ಳುವವರು. ಹೀಗಾಗಿ ಅದಕ್ಕೆ ಕೇಳಿಸಿದ್ದು ದತ್ತಕ ಅಲ್ಲ, ದತ್ತಗ, ಅಂದರೆ ದತ್ತನಿಗೆ. ತೊಗರಿಯ ಮೊರ ಕೆಳಗಿಟ್ಟು ಕೈ ಮುಗಿಯಿತು.

"ದತ್ತಗ ಕೊಡ್ತೀರಿ? ಭಾಳ ಛಲೋ ಆತು ನೋಡಪ್ಪ. ದತ್ತನ ಪಾದಕ್ಕ ಬಿದ್ರ ಎಂಥಾ ಗಾಳಿನೂ ಬಿಟ್ಟು ಓಡ್ತದ."

ನಾವು ತಿದ್ದಲಿಲ್ಲ. ಸಂಜೆಯೊಳಗೆ ಅಜ್ಜಿ ಓಣಿಯ ಎಲ್ಲ ಕಟ್ಟೆಗಳನ್ನೂ ಮುಟ್ಟಿ ಬಂದಿತ್ತು. ಹುಡುಗಿಗೆ ಗಾಳಿ ಹಿಡಿದಿತ್ತು, ದತ್ತನಿಗೆ ಬಿಟ್ಟಿದ್ದೇವೆ, ಸೇವೆ ಮಾಡಿ ಬರುತ್ತಾಳೆ. ಚೀರಾಟಕ್ಕೂ ಕಾರಣ ಸಿಕ್ಕಿತು, ಮುಖ ಬಾತದ್ದಕ್ಕೂ ಸಿಕ್ಕಿತು, ಮುಂದೆ ನಾಲ್ಕು ತಿಂಗಳು ಕಾಣದೇ ಹೋಗುವುದಕ್ಕೂ ಸಿಕ್ಕಿತು. ಅಪ್ಪನಂಥ ಅಪ್ಪನೇ ತಲೆಬಗ್ಗಿಸಿ ಒಪ್ಪಿಕೊಂಡ. ಒಡೆದ ತುಟಿಯ ಹುಡುಗಿಯನ್ನು ಸೇಡಂ ಬಸ್ಸಿಗೆ ಹತ್ತಿಸಲು ಹೋದಾಗ ಓಣಿಯ ಹೆಂಗಸರು ತೆಂಗಿನಕಾಯಿ ಕೊಟ್ಟು ಕಳಿಸಿದರು.

ಹೆರಿಗೆ ಆದದ್ದು ಆ ಹಳ್ಳಿಯಲ್ಲೇ, ಸಣ್ಣವ್ವನ ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಎರಡು ದಿನ ಬೇನೆ ತಿಂದಳು. ಕೂಸು ಹೊರಬಂದಾಗ ಅವಳಿಗೆ ಎಚ್ಚರವಿರಲಿಲ್ಲ. ಅಪ್ಪ ಹೇಳಿ ಕಳಿಸಿದ್ದ: ಅವಳು ನೋಡಬಾರದು, ಎದೆಗೆ ಹಾಕಿಕೊಳ್ಳಬಾರದು. ನಾನು ಅಲ್ಲಿಗೆ ಹೋಗಿದ್ದೇ ಅದಕ್ಕೆ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ಜೀಪಿನಲ್ಲಿ ಚಿಂಚೋಳಿಗೆ ಹೋದೆ. ದಾರಿಯುದ್ದಕ್ಕೂ ಅದು ಅತ್ತಿತು. ನನಗೆ ಎತ್ತಿಕೊಳ್ಳಲು ಬರುತ್ತಿರಲಿಲ್ಲ, ಕತ್ತು ಹಿಂದಕ್ಕೆ ವಾಲುತ್ತಿತ್ತು. ಪಕ್ಕದ ಹೆಂಗಸೊಬ್ಬಳು "ತಲಿ ಹಿಡಕೋರಿ" ಅಂತ ತೋರಿಸಿಕೊಟ್ಟಳು. ಕೆರೆಯ ಏರಿ ದಾಟುವಾಗ ಒಂದು ಕೆಟ್ಟ ವಿಚಾರ ಬಂದಿತ್ತು. ಅದನ್ನು ಬರೆಯುವ ಧೈರ್ಯ ನನಗಿಲ್ಲ, ಓದುವವರು ತಿಳಿದುಕೊಳ್ಳಲಿ. ಕೂಸು ನನ್ನ ಬೆರಳು ಚೀಪಲು ಶುರು ಮಾಡಿತು, ಮಾಸ್ತರರ ಮನೆ ಬಂತು. ಮಾಸ್ತರರ ಹೆಂಡತಿ ಅದನ್ನು ಉಡಿಯಲ್ಲಿ ಹಾಕಿಕೊಂಡು ನನ್ನ ಕಾಲಿಗೆ ಬೀಳಲು ಬಂದರು. ನಾನು ಓಡಿಬಂದೆ.

ತಂಗಿ ಊರಿಗೆ ವಾಪಸು ಬಂದಾಗ ಅಪ್ಪ ಅವಳ ಕೈಯನ್ನು ತನ್ನ ಕೊರಳಿನ ಇಷ್ಟಲಿಂಗದ ಮೇಲೆ ಇಡಿಸಿಕೊಂಡು ಆಣೆ ಮಾಡಿಸಿದ. "ನಾ ಇರೋತನ ಯಾರಿಗೂ ಆ ಮಾತು ಕೇಳಬಾರದು. ಏನು, ಎಲ್ಲಿ, ಯಾರ ಬಲ್ಲಿ, ಒಂದೂ ಕೇಳಬಾರದು." ಅವಳು ಕೇಳಲಿಲ್ಲ.

ಆದರೆ ಊರು ಅಜ್ಜಿಯ ಮಾತನ್ನು ಬಿಡಲಿಲ್ಲ. ದತ್ತನಿಗೆ ಕೊಟ್ಟ ಹುಡುಗಿ ಅಂದರೆ ಕೊಟ್ಟ ಹುಡುಗಿ. ಎರಡು ವರ್ಷದ ಮೇಲೆ ವರ ಹುಡುಕಲು ಹೊರಟರೆ ಒಂದೇ ಉತ್ತರ: "ದೇವರಿಗಿ ಬಿಟ್ಟಾಕಿಗಿ ನಾವ್ ಹ್ಯಾಂಗ್ ಮಾಡ್ಕೋಬೇಕ್ರಿ?" ದತ್ತನ ವಾರವಾದ ಗುರುವಾರ ಬಂತೆಂದರೆ ಹೆಂಗಸರು ರಚ್ಚೆ ಹಿಡಿದ ಕೂಸುಗಳನ್ನು ಎತ್ತಿಕೊಂಡು ನಮ್ಮ ಕಟ್ಟೆಗೆ ಬರುತ್ತಿದ್ದರು. ತಂಗಿ ಹಣೆಗೆ ಅಂಗಾರ, ಅಂದರೆ ದತ್ತನ ಬೂದಿ, ಹಚ್ಚಬೇಕು, ಕೂಸು ಅಳು ನಿಲ್ಲಿಸಬೇಕು. ಅವಳು ಹಚ್ಚುತ್ತಿದ್ದಳು. ಕೂಸನ್ನು ಸ್ವಲ್ಪ ಹೊತ್ತು ತೊಡೆಯ ಮೇಲೆ ಮಲಗಿಸಿಕೊಳ್ಳುತ್ತಿದ್ದಳು, ಅವು ಖರೆಯೇ ಸುಮ್ಮನಾಗುತ್ತಿದ್ದವು. ಲಿಂಗ ಕಟ್ಟಿದ ಅಪ್ಪ ಒಳಗೆ ಹಲ್ಲು ಕಡಿಯುತ್ತ ಕೂತಿರುತ್ತಿದ್ದ. ಬಾಯಿ ಬಿಟ್ಟರೆ ಬಣ್ಣಗೇಡು. ಅಜ್ಜಿ ಸತ್ತಿತು, ಅವ್ವ ಹೋದಳು, ಆ ಭಾನುವಾರಕ್ಕೆ ಒಂದು ವರ್ಷ ಮೊದಲು ಅಪ್ಪನೂ ಹೋದ. ಗುರುವಾರಗಳು ಇನ್ನೂ ನಡೆದಿವೆ.

ಇಷ್ಟರ ನಡುವೆ ನಾನು ವರ್ಷಕ್ಕೊಮ್ಮೆ ಚಿಂಚೋಳಿಗೆ ಹೋಗುತ್ತಿದ್ದೆ. ಪರ್ಸಿ ಇಳಿಸುವ ನೆಪ. ಮಾಸ್ತರರು ಮನೆ ಕಟ್ಟಿಸಿದಾಗ ನೆಲ ಹಾಸಿದ್ದೂ ನಾನೇ. ಆಗ ಆ ಕೂಸು ಆರು ವರ್ಷದ ಹುಡುಗಿ. ತಂಬಿಗೆಯಲ್ಲಿ ನೀರು ತಂದುಕೊಟ್ಟು "ಕಾಕಾ, ತಗೋರಿ" ಅಂದಳು. ಕಾಕಾ ಅಲ್ಲ, ಮಾಮಾ ಅನ್ನು ಅಂತ ಹೇಳಬೇಕೆನಿಸಿ ನೀರು ಗಂಟಲಿಗೆ ಹತ್ತಿ ಕೆಮ್ಮಿದೆ. ನಾನು ಇದನ್ನು ಮನೆಯಲ್ಲಿ ಹೇಳಲಿಲ್ಲ. ಆಣೆ ಮಾಡಿದವಳು ತಂಗಿ, ನಾನಲ್ಲ. ಆದರೂ ಹೇಳಲಿಲ್ಲ. ಅಪ್ಪ ಸತ್ತ ಮೇಲೂ ಒಂದು ವರ್ಷ ಹೇಳಲಿಲ್ಲ. ಹೆದರಿಕೆ ಅಂತ ಒಪ್ಪಿಕೊಳ್ಳುವುದಕ್ಕಿಂತ ಸಿಟ್ಟು ಅಂದುಕೊಳ್ಳುವುದು ನಮ್ಮ ಮನೆಯ ಗಂಡಸರಿಗೆ ಸುಲಭ.

ಭಾನುವಾರದ ಸಿನಿಮಾ ಮುಗಿಯಲು ಬಂದಿತ್ತು. ಹುಡುಗಿಗೆ ಬೇನೆ ಬಂದು, ಅವಳಪ್ಪನ ಬ್ಯಾಂಡಿನವರೆಲ್ಲ ಸಮವಸ್ತ್ರದಲ್ಲೇ ಆಸ್ಪತ್ರೆಗೆ ಬಂದು, ನರ್ಸು ಬೈದರೂ ಕೇಳದೆ ವರಾಂಡದಲ್ಲಿ ಬಾರಿಸುತ್ತಿದ್ದರು. ನನ್ನ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆಮೇಲೆ ಆ ಹುಡುಗಿ ಕೂಸನ್ನು ಎದೆಗವಚಿಕೊಂಡು, ಅದರ ಕಿವಿಯಲ್ಲಿ ಏನೋ ಹೇಳಿ, ತಾನು ಆರಿಸಿದ ಹೆಂಗಸಿನ ಕೈಗೆ ಕೊಟ್ಟಳು. ತಂಗಿಯ ಸೂಜಿ ನಿಂತಿತ್ತು.

"ಅಣ್ಣ" ಅಂದಳು. "ಅಪ್ಪಗ ಮಾಡಿದ ಆಣಿ ಅಪ್ಪನ ಸಂಗಟ ಹೋಯ್ತು. ಈಗ ಕೇಳ್ತೀನಿ. ಈ ಹುಡುಗಿ ನೋಡಿ ಕೊಟ್ಟಳು. ನಾ ಯಾರಿಗಿ ಕೊಟ್ಟೀನಿ?"

ಹೆಂಡತಿ ಟಿವಿ ಆರಿಸಿ ಮಗಳನ್ನು ಎಬ್ಬಿಸಿಕೊಂಡು ಒಳಗೆ ಹೋದಳು. ನಾನು ರೇಗಿಯೇ ಶುರು ಮಾಡಿದೆ, ಅದೇ ನನಗೆ ಬರುವ ವಿದ್ಯೆ.

"ಈಗ್ಯಾಕ ಅದೆಲ್ಲ? ಸುಮ್ ಕುಂದ್ರು."

"ಹದಿಮೂರು ವರ್ಷ ಸುಮ್ ಕುಂತೀನಿ. ಇದ್ದದೋ ಇಲ್ಲೋ, ಅಷ್ಟರೆ ಹೇಳು."

ಅವಳ ದನಿ ಏರಲಿಲ್ಲ. ಏರಿದ್ದರೆ ನನಗೆ ಕೈ ಎತ್ತುವುದು ಸುಲಭವಾಗುತ್ತಿತ್ತು.

"ಚಿಂಚೋಳ್ಯಾಗ ಅದಾಳ" ಅಂದೆ. "ಮಾಸ್ತರ್ ಮನ್ಯಾಗ."

ತಂಗಿ ನನ್ನ ಬಾಯಿಯನ್ನೇ ನೋಡಿದಳು. ಎಡಗಿವಿ ಮಂದವಾದ್ದರಿಂದ ಅವಳು ಬಾಯಿ ನೋಡಿಯೇ ಮಾತು ಹಿಡಿಯುತ್ತಾಳೆ.

"ಅದಾಳ?" ಅಂದಳು. "ಹೆಣ್ಣೇನು?"

ಆಗ ನನಗೆ ತಿಳಿಯಿತು. ಇಷ್ಟು ವರ್ಷ ಅವಳಿಗೆ ಅದೂ ಗೊತ್ತಿರಲಿಲ್ಲ. ಗುರುವಾರ ತೊಡೆಯ ಮೇಲೆ ಮಲಗಿಸಿಕೊಂಡ ಗಂಡು ಕೂಸನ್ನೂ ಹೆಣ್ಣು ಕೂಸನ್ನೂ ಅವಳು ಯಾವ ಲೆಕ್ಕದಲ್ಲಿ ನೋಡಿರಬೇಕು ಅಂತ ಹೊಳೆಯಿತು.

"ಹೌದು, ಹೆಣ್ಣು."

"ನೀ ನೋಡೀದಿ?"

"ನೋಡೀನಿ."

"ಎಷ್ಟ್ ಸಲ?"

"ವರ್ಷಾ ಒಂದು ಸಲ."

ಅವಳು ಹೊಲಿಗೆ ಮಷೀನಿನ ಮೇಲಿದ್ದ ಅಳತೆಯ ಮರದ ಪಟ್ಟಿ ತೆಗೆದುಕೊಂಡು ಬಂದು ನನ್ನ ಮುಖಕ್ಕೆ ಹೊಡೆದಳು. ಮೊದಲ ಏಟು ಕಿವಿಗೆ, ಎರಡನೆಯದು ಬಾಯಿಗೆ. ರೂಢಿಯ ಕೈ ತಾನಾಗಿ ಮೇಲೆದ್ದಿತು. ನಾನು ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೂತೆ. ಅವಳು ಹೊಡೆದಳು. ಬೆನ್ನಿಗೆ, ಭುಜಕ್ಕೆ, ತಲೆಗೆ, ಮಾತಿಲ್ಲದೆ, ಒಂದೇ ಸಮ, ಬಟ್ಟೆ ಒಗೆಯುವ ಹೆಂಗಸಿನ ಹಾಗೆ. ಪಟ್ಟಿ ಮುರಿದ ಮೇಲೆ ಕೈಯಿಂದ ಹೊಡೆದಳು. ಒಳಗಿನಿಂದ ಓಡಿಬಂದ ಮಗಳು ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಹೆಂಡತಿ ಬಿಡಿಸಲು ಬಂದಾಗ ನಾನೇ ಬೇಡವೆಂದು ತಲೆ ಅಲ್ಲಾಡಿಸಿದೆ. ನೋವಾಯಿತು. ಇದು ನ್ಯಾಯ ಅಂತ ಗೊತ್ತಿದ್ದೂ ಸಿಟ್ಟು ಬಂತು, ಆ ಸಿಟ್ಟಿಗೆ ನಾಚಿಕೆಯಾಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅಂತ ಅವ್ವ ಅನ್ನುತ್ತಿದ್ದಳು, ಪಕ್ಕೆ ಹಿಡಿದುಕೊಂಡು.

ಸೋತ ಮೇಲೆ ತಂಗಿ ನನ್ನೆದುರು ನೆಲದ ಮೇಲೆ ಕೂತಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಅವಳು ಏನು ಕೇಳಬಹುದು ಅಂತ ನಾನು ಎಣಿಸಿಟ್ಟುಕೊಂಡಿದ್ದೆ, ಎಲ್ಲದಕ್ಕೂ ಉತ್ತರವಿತ್ತು. ಹುಡುಗಿ ಏಳನೆಯ ಕ್ಲಾಸು. ನನ್ನ ಭುಜದವರೆಗೆ ಬರುತ್ತಾಳೆ. ಬಣ್ಣ ಅವ್ವನದು, ಎರಡು ಜಡೆ ಹಾಕುತ್ತಾಳೆ, ನಗುವಾಗ ಎಡಗಣ್ಣು ಸಣ್ಣದಾಗುತ್ತದೆ.

ತಂಗಿ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು: "ಅಕಿಗಿ ಅಲ್ಲಿ ಯಾರರೆ ಹೊಡೀತಾರೇನು?"

ನಾನು ಪ್ರತಿ ವರ್ಷ ರಸ್ತೆಯ ಆಚೆ ನಿಂತು ಅವಳ ಎತ್ತರ ನೋಡಿದ್ದೆ, ಬಟ್ಟೆ ನೋಡಿದ್ದೆ, ಕಾಲಲ್ಲಿ ಚಪ್ಪಲಿ ಇವೆಯೋ ಇಲ್ಲವೋ ನೋಡಿದ್ದೆ. ಅದನ್ನೊಂದು ನೋಡಬೇಕು ಅಂತ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಗೊತ್ತಿಲ್ಲ" ಅಂದೆ.

ತಂಗಿ ಎದ್ದು ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.